ಕನಸಿನ ಸಿನಿಮಾ: ಪುಣೆಯ ನಮ್ಮ ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ನೆಲೆಸಿರುವ ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಕೋಥ್ರೂಡಿನ ಒಂದು ಹಾಲ್‌ನಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ಹಿಂಜವಡಿಯ ಸಾಫ್ಟ್‌ವೇರ್ ಹುಡುಗರು, ಕುಂದಾಪುರದ ಕಡೆಯ ಹೋಟೆಲ್ ಮಾಲೀಕರು, ಮಗಳ ಮನೆಗೆಂದು ಧಾರವಾಡದಿಂದ ಬಂದು ಇಲ್ಲಿಯೇ ಉಳಿದುಬಿಟ್ಟ ನಿವೃತ್ತ ಮೇಷ್ಟ್ರು, ಹೀಗೆ ಎಲ್ಲ ಬಗೆಯವರೂ ಬರುತ್ತಾರೆ. ಈಚೆಗೆ ಕನಸು ಯಾವುದು, ನಿಜ ಯಾವುದು ಎಂದು ಗೊತ್ತಾಗದಂತಹ ಚಿತ್ರಗಳನ್ನೇ ಸಾಲಾಗಿ ಹಾಕುತ್ತಿದ್ದೇವೆ. ಪ್ರತಿ ಪ್ರದರ್ಶನದ ನಂತರವೂ ಅವೇ ಪ್ರಶ್ನೆಗಳು ಏಳುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಅಭಿಪ್ರಾಯಗಳೆಲ್ಲ ನನ್ನವು. ಕೂಟದಲ್ಲಿ ಒಪ್ಪದವರು ಬೇಕಾದಷ್ಟು ಜನ ಇದ್ದಾರೆ.

ಡ್ರೀಮ್ ಸಾಂಗ್ ಇರುವ ಚಿತ್ರಗಳೆಲ್ಲ ಈ ಪಟ್ಟಿಗೆ ಸೇರುತ್ತವೆಯೇ?

ಸೇರುವುದಿಲ್ಲ. ನಾಯಕಿ ದಿಂಬಿಗೆ ತಲೆಯಿಟ್ಟಳು, ತೆರೆ ನೀರಿನಂತೆ ಅಲುಗಿತು, ನೆಲದಿಂದ ಹೊಗೆ ಎದ್ದಿತು ಎಂದರೆ ನಮಗೆ ಮುಂಚೆಯೇ ಸುದ್ದಿ ತಲುಪಿದಂತಾಯಿತು: ಇನ್ನು ಐದು ನಿಮಿಷ ಕನಸು, ಆಮೇಲೆ ಮಾಮೂಲು ಕಥೆ. ರಾಜ್ ಕಪೂರ್ ಅವರ ‘ಆವಾರಾ’ದಲ್ಲಿ (1951) ಬರುವ ಕನಸಿನ ಹಾಡು ಈ ಬಗೆಯಲ್ಲಿ ಬಹಳ ಮೇಲ್ಮಟ್ಟದ್ದು. ನಾಯಕನ ಆಸೆ ಮತ್ತು ಅಂಜಿಕೆ ಎರಡನ್ನೂ ಒಂದೇ ಹಾಡಿನಲ್ಲಿ ಹಿಡಿದಿಟ್ಟಿದ್ದಾರೆ. ಆದರೂ ಅಲ್ಲಿ ಕನಸಿನ ಒಳಗೆ ಹೋಗುವ ಬಾಗಿಲು ಯಾವುದು, ಹೊರಗೆ ಬರುವ ಬಾಗಿಲು ಯಾವುದು ಎಂದು ಪ್ರೇಕ್ಷಕನಿಗೆ ಗೊತ್ತಿರುತ್ತದೆ.

ನಾವು ಹಾಕುವ ಚಿತ್ರಗಳಲ್ಲಿ ಆ ಬಾಗಿಲನ್ನೇ ಕಿತ್ತುಹಾಕಿರುತ್ತಾರೆ. ಕನಸನ್ನು ಹಗಲು ಬೆಳಕಿನಲ್ಲಿ, ಮೇಜು ಕುರ್ಚಿ ಚಮಚಗಳ ಸಮೇತ, ನಿಜದಷ್ಟೇ ಖಚಿತವಾಗಿ ತೋರಿಸುತ್ತಾರೆ. ಈ ಬಗೆಯ ಚಿತ್ರವನ್ನು ಅಳೆಯಲು ನನ್ನ ಬಳಿ ಇರುವುದು ಇದೊಂದೇ ಅಳತೆಗೋಲು. ಹೊಗೆ ಬೇಕಾಯಿತೆಂದರೆ ನಿರ್ದೇಶಕನಿಗೆ ತನ್ನ ಕನಸಿನ ಮೇಲೆ ನಂಬಿಕೆ ಸಾಲದು ಎಂದೇ ಲೆಕ್ಕ.

ಇದೆಲ್ಲ ಶುರುವಾದದ್ದು ಎಲ್ಲಿ?

ಸಾಹಿತ್ಯದಲ್ಲಿ ಎಂದರೆ ಪ್ಯಾರಿಸ್‌ನಲ್ಲಿ. 1924ರಲ್ಲಿ ಕವಿ ಆಂದ್ರೆ ಬ್ರೆತೋಂ ಅತಿವಾಸ್ತವವಾದದ (ಸರ್ರಿಯಲಿಸಂ) ಪ್ರಣಾಳಿಕೆ ಪ್ರಕಟಿಸಿದ. ಬುದ್ಧಿಯ ಕಾವಲಿಲ್ಲದೆ ಮನಸ್ಸು ಹರಿದ ಹಾಗೆ ಬರೆಯಬೇಕು, ಕನಸಿಗೂ ಎಚ್ಚರಕ್ಕೂ ಸಮಾನ ಗೌರವ ಸಲ್ಲಬೇಕು ಎಂಬುದು ಅದರ ಸಾರ. ಬೆನ್ನಿಗೆ ಕನಸುಗಳ ಅರ್ಥ ಬಿಡಿಸಿದ ಮನೋವಿಶ್ಲೇಷಕ ಫ್ರಾಯ್ಡ್ ಇದ್ದ.

ಸಿನಿಮಾದಲ್ಲಿ ಇದರ ದೊಡ್ಡ ಸ್ಫೋಟ 1929ರ ‘ಅನ್ ಶಿಯೆನ್ ಆಂಡಲೂ’. ನಿರ್ದೇಶಕ ಲೂಯಿ ಬುನ್ಯುಯೆಲ್ ಮತ್ತು ಚಿತ್ರಕಾರ ಸಾಲ್ವಡಾರ್ ಡಾಲಿ ತಾವು ಕಂಡ ಕನಸುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಒಬ್ಬನ ಕನಸಿನಲ್ಲಿ ತೆಳುವಾದ ಮೋಡ ಚಂದ್ರನನ್ನು ಸೀಳಿಕೊಂಡು ಹೋಗಿತ್ತು, ಇನ್ನೊಬ್ಬನ ಕನಸಿನಲ್ಲಿ ಅಂಗೈ ತುಂಬ ಇರುವೆಗಳು. ತರ್ಕದಿಂದ ವಿವರಿಸಬಹುದಾದ ಯಾವ ಚಿತ್ರವನ್ನೂ ಒಳಗೆ ಬಿಟ್ಟುಕೊಳ್ಳಬಾರದು ಎಂದು ಇಬ್ಬರೂ ಕಟ್ಟುಪಾಡು ಹಾಕಿಕೊಂಡರು. ಹಣ ಕೊಟ್ಟವರು ಬುನ್ಯುಯೆಲ್‌ನ ತಾಯಿ. ಮೊದಲ ಪ್ರದರ್ಶನಕ್ಕೆ ಆತ ಜೇಬಿನಲ್ಲಿ ಕಲ್ಲು ತುಂಬಿಕೊಂಡು ಹೋಗಿದ್ದನಂತೆ, ಜನ ಗಲಾಟೆ ಮಾಡಿದರೆ ತಿರುಗಿ ಎಸೆಯೋಣ ಎಂದು. ಪ್ಯಾರಿಸ್ಸಿನವರು ಚಪ್ಪಾಳೆ ತಟ್ಟಿದರು.

ಆ ಚಿತ್ರದಲ್ಲಿ ನನಗೆ ಹಿಡಿಸುವುದು ಜನ ಬಾಯಿತುಂಬ ಮಾತಾಡುವ ಭಯಾನಕ ದೃಶ್ಯಗಳಲ್ಲ, ನಡುವೆ ಬರುವ ಫಲಕಗಳು. ‘ಎಂಟು ವರ್ಷಗಳ ನಂತರ’, ‘ಹದಿನಾರು ವರ್ಷಗಳ ಹಿಂದೆ’ ಎಂದು ಗಂಭೀರವಾಗಿ ಬರೆದು ತೋರಿಸುತ್ತಾರೆ. ನೋಡಿದರೆ ಕೋಣೆ ಅದೇ, ಜನ ಅವರೇ, ಏನೂ ಬದಲಾಗಿಲ್ಲ. ಕಥೆ ಹೇಳುವ ಸಿನಿಮಾದ ಒಂದು ಅಭ್ಯಾಸವನ್ನು ಇಷ್ಟು ತಣ್ಣಗೆ ಗೇಲಿ ಮಾಡಿದವರು ಕಡಿಮೆ.

ಇನ್ನೊಂದು ಮಾತು. ಬ್ರೆತೋಂ ಪ್ರಣಾಳಿಕೆ ಬರೆದ ಅದೇ 1924ರಲ್ಲಿ ಅಮೆರಿಕದಲ್ಲಿ ಬಸ್ಟರ್ ಕೀಟನ್ ‘ಶರ್ಲಾಕ್ ಜೂನಿಯರ್’ ಮಾಡಿದ. ಥಿಯೇಟರಿನಲ್ಲಿ ಪ್ರೊಜೆಕ್ಟರ್ ನಡೆಸುವವನು ನಿದ್ದೆ ಹೋಗಿ, ಕನಸಿನಲ್ಲಿ ಎದ್ದು ನಡೆದು ತೆರೆಯ ಒಳಗೇ ನುಗ್ಗುತ್ತಾನೆ. ಯಾವ ಪ್ರಣಾಳಿಕೆಯೂ ಇಲ್ಲದೆ, ನಗಿಸುವುದಕ್ಕಾಗಿಯೇ ಮಾಡಿದ ಚಿತ್ರ ಅದು.

‘ಅನ್ ಶಿಯೆನ್ ಆಂಡಲೂ’ದಲ್ಲಿ ಹೆಂಗಸಿನ ಕಣ್ಣು ಕೊಯ್ಯುವ ದೃಶ್ಯವಿದೆಯಲ್ಲ, ಅದು ನಿಜವೇ?

ಕಣ್ಣು ನಿಜ, ಹೆಂಗಸಿನದಲ್ಲ. ಸತ್ತ ಕರುವಿನದು.

ನೋಡಿದೆ, ಕಥೆ ಅರ್ಥವಾಗಲಿಲ್ಲ. ನನ್ನಲ್ಲೇ ಏನೋ ಕೊರತೆಯೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಓದಿದವರೇ ಎಂಬುದು ತಮಾಷೆ. ಹೋಟೆಲ್ ಮಾಲೀಕರು ಒಮ್ಮೆಯೂ ಈ ಪ್ರಶ್ನೆ ಎತ್ತಿಲ್ಲ. ‘ಆ ಮುದುಕ ತನ್ನ ಹೆಣವನ್ನು ತಾನೇ ಕಂಡನಲ್ಲ, ಅದು ಸರಿಯಾಗಿದೆ’ ಎಂದಿಷ್ಟು ಹೇಳಿ ಚಹಾ ಕುಡಿಯಲು ಏಳುತ್ತಾರೆ.

ಕನ್ನಡಿಗರಿಗೆ ಇದು ಹೊಸ ಅನುಭವವೂ ಆಗಬೇಕಿಲ್ಲ. ಅಲ್ಲಮನ ಬೆಡಗಿನ ವಚನಗಳನ್ನು, ದಾಸರ ಮುಂಡಿಗೆಗಳನ್ನು ನಾವು ಕೇಳುತ್ತಲೇ ಬೆಳೆದವರು. ಅಲ್ಲಿನ ಚಿತ್ರಗಳು ತರ್ಕಕ್ಕೆ ದಕ್ಕುವುದಿಲ್ಲ. ಟೀಕೆ ಬರೆದವರು ಅರ್ಥ ಬಿಡಿಸಿಟ್ಟ ಮೇಲೂ ಆ ಚಿತ್ರ ಮನಸ್ಸಿನಲ್ಲಿ ಕೂತೇ ಇರುತ್ತದೆ. ಅರ್ಥ ಗೊತ್ತಾಗುವ ಮೊದಲೇ ರುಚಿ ಹತ್ತಿರುತ್ತದೆ.

ಹೆಗ್ಗೋಡಿನ ಉದಾಹರಣೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೆ.ವಿ. ಸುಬ್ಬಣ್ಣ ಅವರು 1970ರ ದಶಕದಲ್ಲಿ ನೀನಾಸಂ ಮೂಲಕ ಆ ಮಲೆನಾಡಿನ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಅದಕ್ಕೆ ರೀಲುಗಳೂ ಪಾಠ ಮಾಡುವವರೂ ಹೋದದ್ದು ಈ ಪುಣೆಯಿಂದಲೇ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್, ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದೂರ್ ಇಬ್ಬರೂ ಅದರ ಹಿಂದಿದ್ದರು. ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಜಪಾನಿನ ‘ರಶೋಮನ್’ ಚಿತ್ರವನ್ನು ಅಡಿಕೆ ತೋಟದವರು ಕೂತು ನೋಡಿದರು. ನಡೆದದ್ದು ನಿಜಕ್ಕೂ ಏನು ಎಂಬುದು ಕೊನೆಗೂ ಬಗೆಹರಿಯದ ಚಿತ್ರ ಅದು.

ಹಾಗಾಗಿ ಕೊರತೆಯ ಮಾತು ಬಿಡಿ. ಯಾವ ಚಿತ್ರ, ಯಾವ ಸದ್ದು ನಿಮ್ಮ ಜೊತೆ ಮನೆಗೆ ಬಂತು ಎಂದು ಕೇಳಿಕೊಳ್ಳಿ. ಏನೂ ಬರಲಿಲ್ಲ ಎಂದಾದರೆ ಚಿತ್ರವೇ ಸೋತಿರಬಹುದು. ಈ ಜಾತಿಯ ಚಿತ್ರಗಳಲ್ಲಿ ಟೊಳ್ಳು ಸರಕೂ ಧಾರಾಳವಾಗಿದೆ.

ಕನಸು ಎಲ್ಲಿ ಮುಗಿಯಿತು, ನಿಜ ಎಲ್ಲಿ ಶುರುವಾಯಿತು ಎಂದು ಗುರುತು ಹಿಡಿಯುವುದು ಹೇಗೆ?

ಒಳ್ಳೆಯ ಚಿತ್ರದಲ್ಲಿ ಗುರುತು ಹಿಡಿಯಲು ಆಗುವುದಿಲ್ಲ, ಆಗಬಾರದು ಕೂಡ. ಬುನ್ಯುಯೆಲ್ ತನ್ನ ಎಪ್ಪತ್ತರ ಹರೆಯದಲ್ಲಿ ಮಾಡಿದ ‘ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸೀ’ (1972) ಇದಕ್ಕೆ ಪಾಠದಂತಿದೆ. ಆರು ಜನ ಶ್ರೀಮಂತರು ಕೂತು ಊಟ ಮಾಡಲು ಇಡೀ ಚಿತ್ರ ಒದ್ದಾಡುತ್ತಾರೆ, ಪ್ರತಿ ಸಲವೂ ಏನೋ ಒಂದು ಅಡ್ಡ ಬರುತ್ತದೆ. ಒಂದು ಕಡೆ ಕರ್ನಲ್ ಒಬ್ಬನ ಮನೆಗೆ ಊಟಕ್ಕೆ ಹೋಗುತ್ತಾರೆ. ಮೇಜಿನ ಮೇಲಿನ ಕೋಳಿ ಕೈತಪ್ಪಿ ಕೆಳಗೆ ಬಿದ್ದರೆ ರಬ್ಬರಿನಂತೆ ಸದ್ದು ಮಾಡುತ್ತದೆ. ಯಾರೂ ಗಾಬರಿಯಾಗುವುದಿಲ್ಲ, ಎತ್ತಿ ಇಡುತ್ತಾರೆ. ಮರುಕ್ಷಣ ಒಂದು ಬದಿಯ ಗೋಡೆಯಂತಿದ್ದ ಪರದೆ ಮೇಲೇಳುತ್ತದೆ. ಎದುರಿಗೆ ಪ್ರೇಕ್ಷಕರು ತುಂಬಿದ ರಂಗಮಂದಿರ. ತಾವು ಕೂತಿರುವುದು ರಂಗದ ಮೇಲೆ! ಪೆಟ್ಟಿಗೆಯೊಳಗಿಂದ ಒಬ್ಬ ಮಾತು ಹೇಳಿಕೊಡುತ್ತಿದ್ದಾನೆ. ಅತಿಥಿಗಳಲ್ಲಿ ಒಬ್ಬ ಬೆವರುತ್ತ ತನಗೆ ಮಾತುಗಳು ಬರುವುದಿಲ್ಲ ಎಂದು ತೊದಲುತ್ತಾನೆ, ಅಲ್ಲಿಗೆ ಎಚ್ಚರ.

ಸರಿ, ಕನಸು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಎದ್ದವನು ಬಟ್ಟೆ ಹಾಕಿಕೊಂಡು ನಿಜವಾದ ಊಟಕ್ಕೆ ಹೋಗುತ್ತಾನೆ. ಅಲ್ಲಿ ಮಾತಿಗೆ ಮಾತು ಬೆಳೆದು ಗುಂಡು ಹಾರುತ್ತದೆ. ಆಗ ಇನ್ನೊಬ್ಬ ತನ್ನ ಹಾಸಿಗೆಯಲ್ಲಿ ಎದ್ದು ಕೂತು, ಇವನು ಕನಸು ಕಾಣುತ್ತಿರುವುದಾಗಿ ನಾನು ಕನಸು ಕಂಡೆ ಎನ್ನುತ್ತಾನೆ. ಈ ಎರಡು ಹಂತಗಳಲ್ಲಿ ಬೆಳಕು, ಉಡುಗೆ, ನಟನೆ ಯಾವುದೂ ಒಂದಿನಿತೂ ಬದಲಾಗುವುದಿಲ್ಲ. ಹೊಗೆ ಇಲ್ಲ, ಹಿನ್ನೆಲೆಯ ವೀಣೆ ಇಲ್ಲ. ಕೋಳಿಯ ಆ ಸದ್ದೊಂದೇ ಎಚ್ಚರಿಕೆ. ಅದನ್ನು ನಾವು ನಕ್ಕು ಬಿಟ್ಟಿರುತ್ತೇವೆ.

ಹೆಚ್ಚು ಕಟ್ಟುನಿಟ್ಟಿನ ರುಚಿಯವರಿಗೆ ಅಲೈನ್ ರೆನೆಯ ‘ಲಾಸ್ಟ್ ಇಯರ್ ಅಟ್ ಮರಿಯೆನ್‌ಬಾದ್’ (1961) ಇದೆ. ಅದರ ತೋಟದ ದೃಶ್ಯದಲ್ಲಿ ನಿಂತಿರುವ ಮನುಷ್ಯರಿಗೆ ಉದ್ದನೆಯ ನೆರಳುಗಳಿವೆ, ಪಕ್ಕದ ಗಿಡಗಳಿಗೆ ಇಲ್ಲ. ಆ ನೆರಳುಗಳನ್ನು ನೆಲದ ಮೇಲೆ ಬಣ್ಣದಿಂದ ಬರೆದಿದ್ದರು. ನಮ್ಮಲ್ಲಿ ಅದನ್ನು ಹಾಕಿದ ದಿನ ಅರ್ಧ ಜನ ಮಧ್ಯಂತರದಲ್ಲೇ ಮನೆ ಸೇರಿದರು.

ಇಂತಹ ದೃಶ್ಯಗಳನ್ನು ಹೇಗೆ ತೆಗೆಯುತ್ತಾರೆ? ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ?

ಬಹುಪಾಲು ಬಡ ಉಪಾಯಗಳಿಂದಲೇ. ಮಾಯಾ ಡೆರೆನ್ ಮತ್ತು ಅಲೆಕ್ಸಾಂಡರ್ ಹಮಿದ್ 1943ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿಯೇ ತೆಗೆದ ‘ಮೆಷಸ್ ಆಫ್ ದಿ ಆಫ್ಟರ್‌ನೂನ್’ ಹದಿನಾಲ್ಕು ನಿಮಿಷದ ಚಿತ್ರ. ಒಂದು ಬೀಗದ ಕೈ, ಒಂದು ಚಾಕು, ಮುಖದ ಜಾಗದಲ್ಲಿ ಕನ್ನಡಿ ಇರುವ ಒಂದು ಕಪ್ಪು ಆಕೃತಿ, ಇಷ್ಟೇ ಸಾಮಗ್ರಿ. ಅದರಲ್ಲಿ ಹೆಂಗಸು ಕುರ್ಚಿಯಿಂದ ಎದ್ದು ಚಾಕು ಹಿಡಿದು ನಡೆಯುತ್ತಾಳೆ. ಮೊದಲ ಹೆಜ್ಜೆ ಮರಳಿನ ಮೇಲೆ, ಮುಂದಿನದು ಹುಲ್ಲಿನ ಮೇಲೆ, ಆಮೇಲೆ ಕಲ್ಲುಹಾಸು, ಕೊನೆಯದು ಮನೆಯ ಜಮಖಾನೆ. ಕೋಣೆ ದಾಟುವಷ್ಟರಲ್ಲಿ ಲೋಕವನ್ನೇ ದಾಟಿದಂತಾಯಿತು. ಮಾಡಿದ್ದೇನು? ಪ್ರತಿ ಹೆಜ್ಜೆಯನ್ನು ಬೇರೆ ಬೇರೆ ಕಡೆ ತೆಗೆದು, ಕಾಲು ಊರುವ ಲಯ ತಪ್ಪದಂತೆ ಕತ್ತರಿಸಿ ಜೋಡಿಸಿದ್ದು. ಹೆಜ್ಜೆ ಒಂದೇ ಲಯದಲ್ಲಿ ಇರುವುದರಿಂದ ಕಣ್ಣು ನಂಬುತ್ತದೆ.

ಕೀಟನ್ ಕೂಡ ಇದನ್ನೇ ಮಾಡಿದ್ದ. ಅವನು ತೆರೆಯೊಳಗೆ ಹೋದ ಮೇಲೆ ಹಿನ್ನೆಲೆ ಪಟ್ಟನೆ ಬದಲಾಗುತ್ತ ಹೋಗುತ್ತದೆ. ಬೆಂಚಿನ ಮೇಲೆ ಕೂರಲು ಹೋದರೆ ರಸ್ತೆ, ಬಂಡೆಯಿಂದ ಕಡಲಿಗೆ ಧುಮುಕಿದರೆ ಹಿಮದ ರಾಶಿ. ಪ್ರತಿ ಜಾಗದಲ್ಲೂ ಕ್ಯಾಮೆರಾದಿಂದ ತಾನು ನಿಂತ ದೂರ ಕೂದಲೆಳೆಯಷ್ಟೂ ತಪ್ಪಬಾರದು ಎಂದು ಜಮೀನು ಅಳೆಯುವ ಸರ್ವೇ ಉಪಕರಣಗಳನ್ನು ಬಳಸಿದರು. ಅಂದರೆ ಕನಸಿಗೆ ಬೇಕಾದದ್ದು ಮೋಜಣಿ.

ಫೆಲಿನಿಯ ‘8½’ (1963) ಆರಂಭದಲ್ಲಿ ಕೆಲಸ ಮಾಡುವುದು ಸದ್ದು. ಸುರಂಗದಲ್ಲಿ ವಾಹನಗಳು ಸಾಲುಗಟ್ಟಿ ನಿಂತಿವೆ, ಕಾರಿನೊಳಗೆ ಒಬ್ಬನಿಗೆ ಉಸಿರು ಕಟ್ಟುತ್ತಿದೆ. ಒಂದೇ ಒಂದು ಹಾರ್ನ್ ಕೇಳಿಸುವುದಿಲ್ಲ, ಅವನ ಏದುಸಿರು ಮಾತ್ರ. ಸಂಜೆ ಏಳು ಗಂಟೆಗೆ ಹಿಂಜವಡಿಯಿಂದ ವಾಕಡ್ ಕಡೆಗೆ ಬಂದವರಿಗೆ ಹಾರ್ನ್ ಇಲ್ಲದ ಟ್ರಾಫಿಕ್ ಎಷ್ಟು ಭಯಂಕರ ಎಂದು ಬಿಡಿಸಿ ಹೇಳಬೇಕಿಲ್ಲ. ಬರ್ಗ್‌ಮನ್ ‘ವೈಲ್ಡ್ ಸ್ಟ್ರಾಬೆರೀಸ್’ (1957) ಚಿತ್ರದಲ್ಲಿ ಮುದುಕನ ಕನಸಿಗೆ ಕತ್ತಲೆಯನ್ನು ಬಳಸದೆ ಕಣ್ಣು ಕುಕ್ಕುವ ಬಿಳಿ ಬಿಸಿಲನ್ನು ಬಳಸಿದ. ಖಾಲಿ ಬೀದಿ, ಮುಳ್ಳುಗಳಿಲ್ಲದ ಗಡಿಯಾರ, ಶವಪೆಟ್ಟಿಗೆಯಿಂದ ಚಾಚುವ ಕೈ. ನಮ್ಮ ಹೋಟೆಲ್ ಮಾಲೀಕರು ಮೆಚ್ಚಿದ್ದು ಇದೇ ಚಿತ್ರವನ್ನು.

‘ಇನ್‌ಸೆಪ್ಷನ್’ ಯಾಕೆ ಹಾಕುವುದಿಲ್ಲ?

ಎಲ್ಲರೂ ನೋಡಿಯಾಗಿದೆ ಎಂಬುದು ಸುಲಭದ ಉತ್ತರ. ನಿಜವಾದ ಕಾರಣ ಬೇರೆ. ನೋಲನ್ ಅವರ ಆ ಚಿತ್ರ (2010) ಕನ್ನ ಹಾಕುವ ಕಥೆ. ಕನ್ನ ಹಾಕುವ ಜಾಗ ಮಾತ್ರ ಕನಸು. ಅಲ್ಲಿ ಎಲ್ಲದಕ್ಕೂ ನಿಯಮವಿದೆ, ಹಂತಗಳಿವೆ, ಸಮಯದ ಲೆಕ್ಕವಿದೆ. ನನಗೆ ಬೀಳುವ ಯಾವ ಕನಸೂ ಇಷ್ಟು ಶಿಸ್ತಿನದ್ದಲ್ಲ. ಹೋಟೆಲಿನ ಪಡಸಾಲೆ ತಿರುಗುವ ಹೊಡೆದಾಟಕ್ಕೆ ನಿಜವಾಗಿಯೂ ಗಿರಗಿರ ತಿರುಗುವ ಸೆಟ್ ಕಟ್ಟಿ ಅದರೊಳಗೆ ನಟರನ್ನು ಓಡಾಡಿಸಿದರು, ಆ ದೃಶ್ಯಕ್ಕೆ ಮಾತ್ರ ನನ್ನ ಪೂರ್ತಿ ನಮಸ್ಕಾರ. ಅದಕ್ಕಿಂತ ನಾಲ್ಕು ವರ್ಷ ಮೊದಲೇ ಬಂದ ಸತೋಶಿ ಕೋನ್ ಅವರ ಜಪಾನಿ ಆ್ಯನಿಮೇಷನ್ ‘ಪಪ್ರಿಕಾ’ ನೋಡಿ. ಅದರಲ್ಲಿ ಫ್ರಿಜ್ಜು, ಗೊಂಬೆ, ಕಪ್ಪೆಗಳ ಮೆರವಣಿಗೆ ಕನಸಿನಿಂದ ಹೊರಟು ನೇರವಾಗಿ ಊರಿನ ಬೀದಿಗೇ ಬರುತ್ತದೆ.

ಕನ್ನಡದಲ್ಲಿ ಏನಿದೆ?

ಮೊದಲ ಹೆಸರು ‘ಲೂಸಿಯಾ’ (2013). ಪವನ್ ಕುಮಾರ್ ಇದನ್ನು ಸಾರ್ವಜನಿಕರಿಂದಲೇ ಹಣ ಸಂಗ್ರಹಿಸಿ ಮಾಡಿದರು. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನಿಗೆ ನಿದ್ದೆ ಬಾರದು. ಒಂದು ಮಾತ್ರೆ ಸಿಗುತ್ತದೆ, ಕನಸಿನಲ್ಲಿ ಅವನು ದೊಡ್ಡ ಸಿನಿಮಾ ತಾರೆ. ಒಂದು ಬದುಕು ಬಣ್ಣದಲ್ಲಿದೆ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಹೊಗೆಯ ಬದಲು ಬಣ್ಣದ ಗುರುತು ಹಾಕಿದ್ದಾರಲ್ಲ ಎಂದು ನೀವು ನನ್ನನ್ನು ಹಿಡಿಯಬಹುದು. ಆದರೆ ಆ ಗುರುತನ್ನು ನಂಬಿದವರನ್ನೇ ಚಿತ್ರ ಕೊನೆಯಲ್ಲಿ ಬೀಳಿಸುತ್ತದೆ. ನೋಡದವರಿಗಾಗಿ ಇಲ್ಲಿಗೇ ನಿಲ್ಲಿಸುತ್ತೇನೆ.

ಇನ್ನೊಂದು, ಜನ ಅಷ್ಟಾಗಿ ಹೆಸರಿಸದ ಗಿರೀಶ್ ಕಾಸರವಳ್ಳಿ ಅವರ ‘ಮನೆ’. ನಗರಕ್ಕೆ ಬಂದ ಯುವ ದಂಪತಿಗೆ ಪಕ್ಕದ ಶೆಡ್ಡಿನ ಸದ್ದು ನಿದ್ದೆಗೆಡಿಸುತ್ತದೆ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ನಟಿಸಿದ್ದಾರೆ. ಯಾರೂ ಕನಸು ಕಾಣುವುದಿಲ್ಲ, ಎಲ್ಲವೂ ಬಾಡಿಗೆ ಮನೆಯ ಮಾಮೂಲು ತಾಪತ್ರಯ. ಆದರೂ ನೋಡುನೋಡುತ್ತ ಇಡೀ ನಗರವೇ ದುಃಸ್ವಪ್ನವಾಗುತ್ತದೆ. ಕಾಸರವಳ್ಳಿ ಕಲಿತದ್ದು ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ, 1975ರಲ್ಲಿ ಹೊರಬಿದ್ದರು. ಅದೇ ಸುಮಾರಿಗೆ ಸಂಸ್ಥೆಯ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡರು. ಪುಣೆಯ ಕನ್ನಡಿಗರಾಗಿ ನಾವು ಈ ಹೆಮ್ಮೆಯನ್ನು ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುತ್ತೇವೆ.

ಭಾರತದ ಬೇರೆ ಭಾಷೆಗಳಲ್ಲಿ?

ಸತ್ಯಜಿತ್ ರಾಯ್ ಅವರ ‘ನಾಯಕ್’ (1966) ಚಿತ್ರದಲ್ಲಿ ತಾರೆಯೊಬ್ಬ ನೋಟಿನ ರಾಶಿಗಳ ನಡುವೆ ಖುಷಿಯಿಂದ ಓಡಾಡುತ್ತ, ನೋಡುನೋಡುತ್ತ ಅದರಲ್ಲೇ ಹೂತುಹೋಗುತ್ತಾನೆ. ಎಲುಬಿನ ಕೈಗಳು ಟೆಲಿಫೋನು ಹಿಡಿದು ಎದ್ದಿರುತ್ತವೆ. ಮುಂಬೈಯ ಫಿಲ್ಮ್ಸ್ ಡಿವಿಷನ್‌ನಲ್ಲಿ ಸರ್ಕಾರಿ ಸಂಬಳ ಪಡೆಯುತ್ತಲೇ ಪ್ರಮೋದ್ ಪತಿ ಮಾಡಿದ ‘ಆಬಿದ್’ (1972) ಎಂಬ ಕಿರುಚಿತ್ರವನ್ನು ಬಿಡಬೇಡಿ. ಕಲಾವಿದ ಆಬಿದ್ ಸುರತಿ ಅವರನ್ನೇ ಗೊಂಬೆಯಂತೆ ಒಂದೊಂದು ಫ್ರೇಮ್ ನಿಲ್ಲಿಸಿ ತೆಗೆದಿದ್ದಾರೆ. ಬರಿಯ ಕೋಣೆಯಲ್ಲಿ ಬಣ್ಣ ತಾನೇ ಹಬ್ಬುತ್ತದೆ. ಕುಟುಂಬ ಯೋಜನೆಯ ಪ್ರಚಾರ ಚಿತ್ರಗಳು ಬರುತ್ತಿದ್ದ ಅದೇ ಕಚೇರಿಯಿಂದ ಇದೂ ಬಂತು ಎಂಬುದೇ ನನಗೆ ಅತಿವಾಸ್ತವ.

ಇನ್ನು ಕಮಲ್ ಸ್ವರೂಪ್ ಅವರ ‘ಓಂ ದರ್-ಬ-ದರ್’. ಇವರೂ ಪುಣೆಯ ಇನ್‌ಸ್ಟಿಟ್ಯೂಟಿನವರೇ. ಅಜ್ಮೇರ್, ಪುಷ್ಕರಗಳಲ್ಲಿ ನಡೆಯುವ ಈ ಚಿತ್ರದಲ್ಲಿ ಜಾತಕ, ಜೀವಶಾಸ್ತ್ರ, ಕಪ್ಪೆ, ವಜ್ರ, ಜಾಹೀರಾತು ಎಲ್ಲ ಕಲಸಿಕೊಂಡಿವೆ. 1988ರಲ್ಲಿ ಮುಗಿದ ಚಿತ್ರ ಥಿಯೇಟರುಗಳಿಗೆ ಬಂದದ್ದು 2014ರಲ್ಲಿ. ಅಷ್ಟೂ ವರ್ಷ ವಿದ್ಯಾರ್ಥಿಗಳು ಮಸುಕು ಪ್ರತಿಗಳನ್ನು ಕೈಯಿಂದ ಕೈಗೆ ದಾಟಿಸಿ ಅದನ್ನು ಬದುಕಿಸಿದರು.

ಇದನ್ನೆಲ್ಲ ಮಾಡುವವರು ನಶೆಯಲ್ಲಿರುತ್ತಾರೆಯೇ?

ಬುನ್ಯುಯೆಲ್‌ಗೆ ಮಾರ್ಟಿನಿ ಇಷ್ಟ. ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ಜೀವನವಿಡೀ ಕಾಫಿ ಕುಡಿದು ಧ್ಯಾನ ಮಾಡಿದವರು. ಸರ್ವೇ ಉಪಕರಣ ಹಿಡಿದು ಇಂಚಿಂಚು ಅಳೆಯುವ ಕೆಲಸ ನಶೆಯಲ್ಲಿ ಆಗುವಂಥದ್ದಲ್ಲ.

ನೋಡುತ್ತ ನೋಡುತ್ತ ನಿದ್ದೆ ಬಂದರೆ?

ಮಲಗಿ, ಗೊರಕೆ ಹೊಡೆಯದಿದ್ದರೆ ಸಾಕು. ತಮಾಷೆಯಲ್ಲ. ಥಾಯ್ಲೆಂಡಿನ ಅಪಿಚಾತ್‌ಪೊಂಗ್ ವೀರಸೇತಕುಲ್ (‘ಅಂಕಲ್ ಬೂನ್ಮಿ’ ಚಿತ್ರಕ್ಕೆ 2010ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದವರು) ತಮ್ಮ ಚಿತ್ರ ನೋಡುತ್ತ ಜನ ನಿದ್ದೆಹೋದರೆ ಬೇಸರಪಡುವವರಲ್ಲ. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಹಾಸಿಗೆಗಳನ್ನು ಹಾಕಿಸಿ, ರಾತ್ರಿಯಿಡೀ ತೆರೆಯ ಮೇಲೆ ಚಿತ್ರಗಳು ಓಡುತ್ತಿರುವ ತಾತ್ಕಾಲಿಕ ಹೋಟೆಲನ್ನೇ ನಡೆಸಿದರು.

ಕರಾವಳಿಯವರಿಗೆ ಇದು ಹೊಸದಲ್ಲ. ಬಯಲಾಟದಲ್ಲಿ ರಾತ್ರಿ ಎರಡರ ಹೊತ್ತಿಗೆ ಚಾಪೆಯ ಮೇಲೆ ತೂಕಡಿಸುತ್ತಿರುವಾಗ ಚೆಂಡೆಯ ಪೆಟ್ಟಿಗೆ ಬೆಚ್ಚಿ ಕಣ್ಣು ಬಿಟ್ಟರೆ, ಎದುರಿಗೆ ದೀವಟಿಗೆಯ ಬೆಂಕಿಯಲ್ಲಿ ಬಣ್ಣದ ವೇಷ ಆರ್ಭಟಿಸುತ್ತಿರುತ್ತದೆ. ಮತ್ತೆ ಕಣ್ಣು ಮುಚ್ಚುತ್ತದೆ. ಬೆಳಗಾದ ಮೇಲೆ ಯಾವ ಪದ್ಯ ರಂಗದ ಮೇಲೆ ಕೇಳಿದ್ದು, ಯಾವ ಯುದ್ಧ ನಿದ್ದೆಯಲ್ಲಿ ನಡೆದದ್ದು ಎಂದು ಹೇಳಲಾಗುವುದಿಲ್ಲ. ಹಾಗೆ ಆಟ ನೋಡಿದವನಿಗೆ ಆಟ ಕಂಡಿಲ್ಲ ಎಂದು ಯಾರೂ ಹೇಳಿದ್ದಿಲ್ಲ.

ಮಕ್ಕಳನ್ನು ಕರೆತರಬಹುದೇ?

‘ಶರ್ಲಾಕ್ ಜೂನಿಯರ್’ ದಿನ ಖಂಡಿತ ತನ್ನಿ. ಉಳಿದ ದಿನ ಬೇಡ.

ಪುಣೆಯಲ್ಲಿ ಬೇರೆ ಎಲ್ಲಿ ನೋಡಲು ಸಿಗುತ್ತದೆ?

ಲಾ ಕಾಲೇಜು ರಸ್ತೆಯಲ್ಲಿರುವ ಚಲನಚಿತ್ರ ಸಂಗ್ರಹಾಲಯ (ಸ್ಥಾಪನೆ 1964) ಪ್ರದರ್ಶನಗಳನ್ನು ಏರ್ಪಡಿಸುತ್ತದೆ, ಸೂಚನೆಗಳನ್ನು ಗಮನಿಸುತ್ತಿರಿ. ಅದೇ ರಸ್ತೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿನ ಪ್ರಸಿದ್ಧ ಜ್ಞಾನವೃಕ್ಷ ಬೋಧಿಯಲ್ಲ, ಮಾವಿನ ಮರ. ಪುಣೆ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. ನವೆಂಬರಿನಲ್ಲಿ ಗೋವೆಯ ಪಣಜಿಯಲ್ಲಿ ನಡೆಯುವ ಉತ್ಸವಕ್ಕೆ ಇಲ್ಲಿಂದ ರಾತ್ರಿ ಬಸ್ ಹಿಡಿದರೆ ಬೆಳಿಗ್ಗೆ ಮೊದಲ ಆಟಕ್ಕೆ ಸರಿಯಾಗಿ ಹೋಗಬಹುದು. ಅರೆನಿದ್ದೆಯಲ್ಲಿ ದಿನಕ್ಕೆ ನಾಲ್ಕು ಚಿತ್ರ ನೋಡಿದರೆ ಮೂರನೆಯ ದಿನದಿಂದ ಎಲ್ಲವೂ ಅತಿವಾಸ್ತವವೇ.

ಮೊದಲು ಯಾವುದನ್ನು ನೋಡಲಿ?

‘ಶರ್ಲಾಕ್ ಜೂನಿಯರ್’, ಆಮೇಲೆ ‘ಮೆಷಸ್’. ಎರಡೂ ಸೇರಿ ಒಂದು ಗಂಟೆ. ಆಮೇಲೆ ‘ವೈಲ್ಡ್ ಸ್ಟ್ರಾಬೆರೀಸ್’, ‘ಮನೆ’, ‘ಡಿಸ್ಕ್ರೀಟ್ ಚಾರ್ಮ್’. ಲಿಂಚ್ ಅವರ ‘ಮಲ್‌ಹಾಲೆಂಡ್ ಡ್ರೈವ್’ (2001) ಕೊನೆಗಿರಲಿ.

ಮುಗಿದ ಮೇಲೆ ಅರ್ಥ ವಿವರಿಸುವ ವಿಡಿಯೋ ನೋಡಬಹುದೇ?

ಎರಡನೆಯ ಸಲ ಚಿತ್ರ ನೋಡಿದ ಮೇಲೆ ನೋಡಿ. ‘ಮಲ್‌ಹಾಲೆಂಡ್ ಡ್ರೈವ್’ ಹುಟ್ಟಿದ್ದು ಅಮೆರಿಕದ ಟಿವಿ ಧಾರಾವಾಹಿಯ ಮೊದಲ ಕಂತಾಗಿ. ಚಾನೆಲ್ಲಿನವರು ಬೇಡವೆಂದರು, ಫ್ರಾನ್ಸಿನಿಂದ ಹಣ ಬಂತು, ಲಿಂಚ್ ಹೊಸದಾಗಿ ಕೆಲವು ಭಾಗ ಚಿತ್ರೀಕರಿಸಿ ಅದನ್ನು ಸಿನಿಮಾ ಮಾಡಿದರು. ಅರ್ಥ ಹೇಳಿ ಎಂದವರಿಗೆ ಕೊನೆಯವರೆಗೂ ಹೇಳಲಿಲ್ಲ. ಡಿವಿಡಿ ಬಂದಾಗ ಜೊತೆಯಲ್ಲಿ ಹತ್ತು ಸುಳಿವುಗಳ ಚೀಟಿ ಇಟ್ಟರು. ಕೆಂಪು ಲ್ಯಾಂಪ್‌ಶೇಡ್ ಎಲ್ಲೆಲ್ಲಿ ಬರುತ್ತದೆ ಗಮನಿಸಿ ಎಂಬುದು ಅದರಲ್ಲೊಂದು. ನಮ್ಮ ಕೂಟದವರು ಪೆನ್ನು ಹಿಡಿದು ಗಮನಿಸಿದರು. ಮೇಷ್ಟ್ರು ಮತ್ತು ಸಾಫ್ಟ್‌ವೇರ್ ಹುಡುಗರ ನಡುವೆ ಆ ಲ್ಯಾಂಪಿನ ಜಗಳ ಇನ್ನೂ ನಡೆದಿದೆ.